ಕ್ಯಾಡಿ ಕಟ್ಟೆಯ ಮೌನ

ನಾಲ್ಕನೇ ಗ್ರೀನಿನ ಮೇಲೆ ಕೂಸು ಮಲಗಿಸಲು ಬಂದವರನ್ನು ಓಡಿಸಬೇಡಿ ಎಂದು ಎಷ್ಟು ಸಲ ಹೇಳಿದರೂ ನಮ್ಮ ಗಾಲ್ಫ್ ಕ್ಲಬ್ಬಿನ ಹೊಸ ಸೆಕ್ರೆಟರಿಯ ತಲೆಗೆ ಹೋಗುವುದಿಲ್ಲ. ಹೊರ ಊರಿನಿಂದ ಬಂದ ಮನುಷ್ಯ. ಬಂದ ವಾರದಲ್ಲೇ ಸುತ್ತ ಹಗ್ಗ ಕಟ್ಟಿಸಿ ಪ್ರವೇಶವಿಲ್ಲ ಎಂದು ಹಲಗೆ ನೆಡಿಸಿದ. ಹಗ್ಗ ಬಿಚ್ಚಿದವನು ನಾನು. ಹಲಗೆ ಕಿತ್ತು ಅವನ ಕೋಣೆಯ ಬಾಗಿಲಿಗೇ ಒರಗಿಸಿ ಬಂದವನೂ ನಾನೇ.

"ಏನ್ರೀ ಈರಯ್ಯ, ನೀವು ಬ್ಯಾಗ್ ಹೊರೋ ಕ್ಯಾಡಿ. ಇದೆಲ್ಲ ನಿಮಗ್ಯಾಕ್ರೀ?" ಎಂದ.

"ಆ ಗ್ರೀನು ನಿಮ್ಮಪ್ಪಂದಲ್ಲ ಸ್ವಾಮಿ, ಮುದ್ದುಮಾದಯ್ಯಂದು" ಎಂದೆ.

ಮುದ್ದುಮಾದಯ್ಯ ಕುಲುಮೆ ಕೆಲಸದವನು. ನಾನು ನಡೆಯಲು ಕಲಿಯುವ ಮೊದಲೇ ಚಾಂಪಿಯನ್ ಆಗಿದ್ದವನು. ಗ್ರೀನು ಅಂದರೆ ಗುಳಿಯ ಸುತ್ತಲಿನ ನುಣ್ಣನೆ ಹುಲ್ಲು. ನಮ್ಮ ನಾಲ್ಕನೆಯದು ಹಂಚಿನ ಮಾಡಿನ ಹಾಗೆ ಇಳಿಜಾರು. ಅದರ ಈ ತುದಿಯಿಂದ ಆ ತುದಿಯ ಗುಳಿಗೆ ಅವನು ಚೆಂಡನ್ನು ಮೆಲ್ಲಗೆ ತಳ್ಳಿದನಂತೆ. ಅದು ಬಳಸಿಕೊಂಡು ಬಂದು ಗುಳಿಯ ಅಂಚಿನಲ್ಲಿ ನಿಂತುಬಿಟ್ಟಿತಂತೆ. ನೋಡುತ್ತಿದ್ದ ಊರೆಲ್ಲ ಉಸಿರು ಬಿಗಿ ಹಿಡಿಯಿತು. ಆಮೇಲೆ ಚೆಂಡು ತಾನಾಗಿ ಒಳಗೆ ಬಿತ್ತು. ಜನ ಕುಣಿದರು, ಅವನನ್ನು ಹೊತ್ತು ಮೆರೆಸಿದರು, ಮನೆಗೆ ಹೋದರು. ಆದರೆ ಅವರು ಉಸಿರು ಬಿಗಿಹಿಡಿದಿದ್ದಾಗಿನ ಮೌನ ಅಲ್ಲೇ ಕೂತುಬಿಟ್ಟಿತು. ಇವತ್ತಿಗೂ ಆ ಗ್ರೀನಿನ ಮೇಲೆ ನಿಂತು ಡೋಲು ಬಡಿದರೂ ಸದ್ದು ಬರುವುದಿಲ್ಲ. ಹೊಟ್ಟೆನೋವಿಗೆ ರಚ್ಚೆ ಹಿಡಿದ ಕೂಸುಗಳನ್ನು ತಾಯಂದಿರು ಅಲ್ಲಿಗೆ ತರುತ್ತಾರೆ. ಕೂಸು ಬಾಯಿ ತೆರೆದು ಅಳುತ್ತದೆ, ತನ್ನ ಅಳು ತನಗೇ ಕೇಳದೆ ಬೆಪ್ಪಾಗುತ್ತದೆ, ಆಮೇಲೆ ಮಲಗುತ್ತದೆ. ಆಟಗಾರರು ಬಂದರೆ ಕೂಸನ್ನು ಎತ್ತಿಕೊಂಡು ಒಂದಿಷ್ಟು ಸರಿದು ನಿಲ್ಲುತ್ತಾರೆ. ಅದರಿಂದ ಯಾವ ಆಟವೂ ಕೆಟ್ಟಿಲ್ಲ.

ಇಂಥ ಮೌನ ನಮ್ಮ ಮೈದಾನದಲ್ಲಿ ಇನ್ನೂ ಇವೆ. ಹನ್ನೊಂದನೇ ಗುಳಿಯ ಹತ್ತಿರದ ಮರಳುಗುಂಡಿಯಲ್ಲಿ ಟೈಲರ್ ಸಿಲ್ವೆಸ್ಟರನದು. ಮಳೆಗೆ ನೆಂದ ಮರಳಿನಲ್ಲಿ ಹೂತಿದ್ದ ಚೆಂಡನ್ನು, ಬಲಗೈಗೆ ಜಾಗವಿಲ್ಲದೆ, ಕೋಲು ತಿರುವಿ ಹಿಡಿದು ಎಡಗೈಯಲ್ಲಿ ಎಬ್ಬಿಸಿ ಗುಳಿಯ ಪಕ್ಕದಲ್ಲಿ ಇಟ್ಟವನು ಅವನು. ಮರಳು ಕೆಳಗೆ ಬೀಳುವವರೆಗೂ ಯಾರೂ ಉಸಿರಾಡಲಿಲ್ಲವಂತೆ. ಈಗ ಪರೀಕ್ಷೆ ಬಂದರೆ ಹುಡುಗಿಯರು ಆ ಗುಂಡಿಯಲ್ಲಿ ಚಾಪೆ ಹಾಕಿಕೊಂಡು ಓದುತ್ತಾರೆ. ಜಗಳ ಆಡಿದ ಗಂಡಹೆಂಡಿರನ್ನೂ ಹಿರಿಯರು ಅಲ್ಲಿಗೇ ಕಳಿಸುತ್ತಾರೆ. ಕೂಗಿದ್ದು ಕೇಳದಿದ್ದರೆ ಜಗಳ ಎಷ್ಟು ಹೊತ್ತು ಆಡಲು ಬರುತ್ತದೆ ಹೇಳಿ. ನನ್ನನ್ನೂ ನನ್ನ ಹೆಂಡತಿಯನ್ನೂ ಎಷ್ಟು ಸಲ ಕಳಿಸಿದ್ದಾರೆ ಎಂಬುದು ಇಲ್ಲಿ ಬೇಡ.

ಎಲ್ಲಕ್ಕಿಂತ ದೊಡ್ಡದು ಹದಿನೆಂಟನೆಯ, ಅಂದರೆ ಕೊನೆಯ ಗ್ರೀನಿನ ಮೌನ. ಅದು ಹವಾಲ್ದಾರ್ ಬೆಳ್ಳಿಯಪ್ಪನವರದು, ಗೆದ್ದದ್ದಲ್ಲ, ತಪ್ಪಿದ್ದು. ಮಕ್ಕಳು ಕಾಲಿನಲ್ಲಿ ತಳ್ಳಿದರೂ ಬೀಳುವಷ್ಟು ಹತ್ತಿರದ ಚೆಂಡು, ಚಾಂಪಿಯನ್‌ಶಿಪ್ಪಿನ ಕಪ್ಪು ಕೈಗೆ ಬಂದ ಹಾಗೆಯೇ ಇತ್ತು, ತಪ್ಪಿತು. ಬೆಳ್ಳಿಯಪ್ಪನವರು ಕೋಲು ಎಸೆಯಲಿಲ್ಲ, ಆಕಾಶ ನೋಡಲಿಲ್ಲ. ಗೆದ್ದವನ ಕೈ ಕುಲುಕಿ, ಗೆದ್ದವನ ಬ್ಯಾಗನ್ನು ತಾವೇ ಹೆಗಲಿಗೆ ಹಾಕಿಕೊಂಡು ಕ್ಲಬ್ಬಿನವರೆಗೆ ಹೊತ್ತು ನಡೆದರು. ಅಂಥ ಗಂಡಸನ್ನು ನಾನು ನೋಡಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಸಾವಿನ ಮನೆಯವರು ಆ ಗ್ರೀನಿನ ಅಂಚಿಗೆ ಬಂದು ಕೂರುತ್ತಾರೆ. ಯಾರೂ ಅವರನ್ನು ಮಾತಾಡಿಸುವುದಿಲ್ಲ, ಮಾತಾಡಿಸಿದರೂ ಕೇಳುವುದಿಲ್ಲ.

ಆದರೆ ಒಳ್ಳೆ ಹೊಡೆತಕ್ಕೆಲ್ಲ ಮೌನ ಕೂರುವುದಿಲ್ಲ. ನೆರೆದವರಲ್ಲಿ ಒಬ್ಬ ಕೆಮ್ಮಿದರೂ ಮುಗಿಯಿತು. ನಮ್ಮ ಹಲ್ಲಿನ ಡಾಕ್ಟರು ವಿಶ್ವಂಭರ ಒಂದು ಸಲ ಏಳರಲ್ಲಿ ಮೊದಲ ಹೊಡೆತಕ್ಕೇ ಚೆಂಡನ್ನು ನೇರ ಗುಳಿಗೆ ಕಳಿಸಿದರು. ಚೆಂಡು ಗಾಳಿಯಲ್ಲಿದ್ದಾಗ ಎಲ್ಲರೂ ಕಲ್ಲಾಗಿದ್ದರು. ಆಗ ನನ್ನ ಜೊತೆಯ ಕ್ಯಾಡಿ ಲಾಜರ ಸೀನಿದ. ಮೌನ ಕೂರಲಿಲ್ಲ. ಅವತ್ತಿನಿಂದ ಅವನು ಸೀನಿದ ಲಾಜರ. ಡಾಕ್ಟರು ಒಳ್ಳೆಯವರು, ಏನೂ ಅನ್ನಲಿಲ್ಲ. ಆದರೆ ಲಾಜರ ಮಾತ್ರ ಹಲ್ಲುನೋವು ಬಂದರೆ ಇವತ್ತಿಗೂ ಲವಂಗ ಕಚ್ಚಿಕೊಂಡು ಮಲಗುತ್ತಾನೆ, ಅವರ ಕುರ್ಚಿಯಲ್ಲಿ ಕೂರುವ ಧೈರ್ಯವಿಲ್ಲ.

ಇನ್ನು ನನ್ನ ವಿಷಯ. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನು. ನನ್ನ ಆಸ್ತಿ ನನ್ನ ಗಂಟಲು. ಚೆಂಡು ದಾರಿ ತಪ್ಪಿ ಸಂತೆ ರಸ್ತೆಯ ಕಡೆ ಹೊರಟರೆ ಕ್ಯಾಡಿಗಳು "ತಲೆ! ತಲೆ!" ಎಂದು ಕೂಗಬೇಕು. ನಾನು ಕೂಗಿದರೆ ಸಂತೆಯ ಆ ಕೊನೆಯಲ್ಲಿ ಬಾಳೆಹಣ್ಣು ಮಾರುವವರೂ ತಲೆಯ ಮೇಲೆ ಬುಟ್ಟಿ ಕವುಚಿಕೊಳ್ಳುತ್ತಾರೆ. ಸಿಟ್ಟು ಬಂದಾಗಲೂ ಅದೇ ಗಂಟಲು. ಸಿಟ್ಟು ನನಗೆ ದಿನಾ ಬರುತ್ತದೆ.

ಈಗ ಅನಸೂಯಳ ವಿಷಯಕ್ಕೆ ಬರುತ್ತೇನೆ. ಅನಸೂಯ ಮೈದಾನಕ್ಕೆ ನೀರು ಹಾಯಿಸುವ ಟ್ಯಾಂಕರಿನ ಡ್ರೈವರು. ಯಾರೋ ಬಿಸಾಕಿದ ಕೋಲು ಎತ್ತಿಕೊಂಡು, ಪೈಪು ಬಿಟ್ಟು ನೀರು ತುಂಬುವ ಹೊತ್ತಿನಲ್ಲಿ ಆಡಿ ಕಲಿತವಳು. ನಮ್ಮಲ್ಲಿ ಗಂಡಸಿಗೊಂದು ಹೆಂಗಸಿಗೊಂದು ಪಂದ್ಯ ಇಲ್ಲ, ಇರುವುದು ಒಂದೇ ಚಾಂಪಿಯನ್‌ಶಿಪ್, ಒಂದೇ ಕಪ್ಪು. ಅದರಲ್ಲಿ ಅವಳು ಎರಡು ಸಲ ಎರಡನೆಯವಳಾಗಿ ನಿಂತಿದ್ದಳು. ಎರಡೂ ಸಲ ಗೆದ್ದವರು ಡಾಕ್ಟರು ವಿಶ್ವಂಭರ. ಎರಡೂ ಸಲ ಅವಳ ಬ್ಯಾಗು ಹೊತ್ತವನು ನಾನು. ಮೂರನೇ ಸಲ ಪಂದ್ಯಕ್ಕೆ ಹೆಸರು ಕೊಡುವಾಗ ಅವಳ ಬಲಗೈ ಮಣಿಕಟ್ಟು ಹಾಳಾಗಿತ್ತು. ಆ ಹಳೆ ಟ್ಯಾಂಕರಿನ ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಮೂಳೆ ಸವೆದಿದೆ, ಇನ್ನು ಟ್ಯಾಂಕರೋ ಗಾಲ್ಫೋ ಒಂದು ಆರಿಸಿಕೋ ಎಂದು ಮೂಳೆ ಡಾಕ್ಟರು ಹೇಳಿದ್ದರು. ಅನ್ನ ಕೊಡುವುದು ಟ್ಯಾಂಕರು.

"ಇದೇ ಕೊನೇದು ಈರಣ್ಣ. ಈ ಸಲ ಕಪ್ಪು ಬರ್ಲಿಲ್ಲ ಅಂದ್ರೆ ಕೋಲೆಲ್ಲ ಒಲೆಗೆ ಹಾಕ್ತೀನಿ" ಎಂದಳು. ಅವಳ ಬಾಯಲ್ಲಿ ನಾನು ಈರಣ್ಣ.

"ಕಬ್ಬಿಣದ ಕೋಲು ಒಲೆಗೆ ಹಾಕಿದ್ರೆ ಅನ್ನ ಬೇಯುತ್ತೇನೇ? ಸುಮ್ನೆ ಗೆಲ್ಲು" ಎಂದೆ.

ಎಂಥ ಆಟ ಆಡಿದಳು ಅವತ್ತು! ಮಣಿಕಟ್ಟಿಗೆ ಬಟ್ಟೆ ಬಿಗಿದುಕೊಂಡಿದ್ದಳು. ಪ್ರತಿ ಹೊಡೆತಕ್ಕೂ ತುಟಿ ಕಚ್ಚುತ್ತಿದ್ದಳು. ಒಂಬತ್ತರಲ್ಲಿ ಚೆಂಡು ಕೆರೆಯ ಏರಿಯ ಕಲ್ಲುಗಳ ನಡುವೆ ಸಿಕ್ಕಿಕೊಂಡಾಗ ಮುಗಿಯಿತು ಅಂದುಕೊಂಡೆ. ಅವಳು ಚಪ್ಪಲಿ ಬಿಟ್ಟು, ಒಂದು ಕಾಲು ನೀರಿನಲ್ಲಿ ಊರಿ, ಕಲ್ಲಿಗೆ ತಾಗದ ಹಾಗೆ ಚೆಂಡನ್ನು ಮಾತ್ರ ಎತ್ತಿದಳು. ಡಾಕ್ಟರೇ ಚಪ್ಪಾಳೆ ತಟ್ಟಿದರು. ಅವರೂ ಸುಮ್ಮನೆ ಬಿಟ್ಟುಕೊಡುವವರಲ್ಲ. ಅವಳು ಒಂದು ಹೊಡೆತ ಮುಂದೆ ಹೋದರೆ ಮುಂದಿನದರಲ್ಲಿ ಅವರು ಸಮ ಮಾಡುತ್ತಿದ್ದರು. ಹಾಗೆಯೇ ಹದಿನೆಂಟಕ್ಕೆ ಬಂದೆವು.

ಡಾಕ್ಟರು ತಮ್ಮ ಆಟ ಮುಗಿಸಿ ಗ್ರೀನಿನಿಂದ ಹೊರಗೆ ಹೋಗಿ ನಿಂತರು. ಅನಸೂಯಳ ಚೆಂಡು ಗುಳಿಯಿಂದ ಒಂದಾಳು ಉದ್ದ ದೂರದಲ್ಲಿತ್ತು. ಒಂದೇ ಏಟಿಗೆ ಹಾಕಿದರೆ ಒಂದು ಹೊಡೆತದ ಅಂತರದಲ್ಲಿ ಕಪ್ಪು ಅವಳದು. ಎರಡು ಬೇಕಾದರೆ ಸಮ. ಸಮ ಬಂದರೆ ಕಪ್ಪು ಹಳೆ ಚಾಂಪಿಯನ್ ಹತ್ತಿರವೇ ಉಳಿಯಬೇಕು ಎಂಬುದು ಮೊದಲಿನಿಂದ ಬಂದ ಪದ್ಧತಿ.

ಜನ ಬೆಳ್ಳಿಯಪ್ಪನವರ ಮೌನದ ಹೊರಗೆ ಸುತ್ತಲೂ ನಿಂತಿದ್ದರು. ರೆಫರಿ ಬಾಬಾಜಾನ್ ಸಾಹೇಬರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ರಿಟೈರ್ ಆದವರು. ಹದಿನೆಂಟರಲ್ಲಿ ಮಾತು ಕೇಳದ ಕಾರಣ ಅವರ ಹಸಿರು ಬಾವುಟ, ಕೆಂಪು ಬಾವುಟವೇ ನಮಗೆ ನಿಯಮ. ಹಸಿರು ಬೀಸಿದರು. ನಾವಿಬ್ಬರೂ ಒಳಗೆ ಕಾಲಿಟ್ಟೆವು. ಚಪ್ಪಲಿಯ ಸದ್ದು ನಿಂತಿತು. ನನ್ನ ಹೆಗಲ ಮೇಲಿನ ಬ್ಯಾಗಿನ ಕಬ್ಬಿಣಗಳ ಕಿಣಿಕಿಣಿಯೂ ನಿಂತಿತು.

ನಾನು ಗುಳಿಯ ಹಿಂದೆ ಹೋಗಿ, ಅವಳಿಗೆ ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತು ಗುಳಿಯಾಚೆಯ ಇಳಿಜಾರು ನೋಡಿದೆ. ತಿರುಗಿದಾಗ ಅನಸೂಯ ಚೆಂಡಿನಿಂದ ಹಿಂದೆ ಸರಿದು, ಸಾಹೇಬರ ಕಡೆ ಒಂದು ಬೆರಳು ಎತ್ತಿ ನಿಂತಿದ್ದಳು. ಒಂದು ನಿಮಿಷ ಕೇಳುತ್ತಿದ್ದಾಳೆ ಅಂದುಕೊಂಡು ಸಾಹೇಬರು ತಲೆಯಾಡಿಸಿದರು. ಅವಳು ಚೆಂಡು ತೋರಿಸಿದಳು. ಅವರು ಹಸಿರು ಬೀಸಿದರು. ಅವಳು ಅಲ್ಲ ಅಲ್ಲ ಎಂದು ಕೈ ಆಡಿಸಿದಳು. ಹಿಂದಿನವರು ಅಡ್ಡ ಬರುತ್ತಿದ್ದಾರೆ ಅಂದುಕೊಂಡು ಸಾಹೇಬರು ತಿರುಗಿ ಜನರಿಗೆ ಗದರಿದರು. ಇಡೀ ಊರು ಕೆಳಗೆ ಕೂತಿತು.

ನಾನು ಹತ್ತಿರ ಹೋದೆ. ನಮ್ಮೂರಿನವರಿಗೆ ತುಟಿ ಓದಲು ಯಾರೂ ಹೇಳಿಕೊಡಬೇಕಾಗಿಲ್ಲ.

"ಅಲ್ಲಾಡ್ತು" ಎಂದಿತು ಅವಳ ತುಟಿ.

"ಏನು?"

"ಬಾಲು. ಕೋಲು ಪಕ್ಕಕ್ಕೆ ಇಟ್ಟೆ ನೋಡು, ಆಗ ತಗುಲಿ ಅಲ್ಲಾಡ್ತು."

ಈಗ ಆ ನಿಯಮ ಬದಲಾಗಿದೆ. ಆಗ ಇದ್ದದ್ದು ಹೀಗೆ: ಆಟಗಾರನಿಂದ ಚೆಂಡು ಕೂದಲೆಳೆಯಷ್ಟು ಅಲ್ಲಾಡಿದರೂ ಒಂದು ಹೊಡೆತ ದಂಡ, ಚೆಂಡನ್ನು ವಾಪಸ್ ಮೊದಲಿನ ಜಾಗದಲ್ಲಿ ಇಡಬೇಕು. ಒಂದು ಹೊಡೆತ ಸೇರಿದರೆ, ಈ ಚೆಂಡು ಗುಳಿಗೆ ಬಿದ್ದರೂ ಸಮವೇ.

ನನ್ನ ನೆತ್ತಿಗೇರಿತು. "ಗಾಳಿಗೆ ಅಲ್ಲಾಡಿರುತ್ತೆ ಕಣೇ!"

"ಗಾಳಿ ಎಲ್ಲಿದೆ? ಬಾವುಟ ನೋಡು."

"ಕಣ್ಣಿಗೆ ಬೆವರು ಬಿದ್ದು ಹಾಗೆ ಕಂಡಿರುತ್ತೆ."

"ನನ್ನ ಕಣ್ಣು ನಂಗೊತ್ತಿಲ್ವಾ?"

"ಯಾರೂ ನೋಡಿಲ್ಲ ತಾಯಿ! ನಾನೇ ನೋಡಿಲ್ಲ! ಕೈ ಮುರ್ಕೊಂಡು ಇಲ್ಲೀತನಕ ಬಂದಿದೀಯ, ಬಾಯಿ ಮುಚ್ಕೊಂಡು ಹೊಡಿ!"

"ನೀನು ಸುಮ್ನಿರು ಈರಣ್ಣ. ಬ್ಯಾಗ್ ನಿಂದು, ಬಾಲು ನಂದು."

ನಾನು ಕಿರುಚಿದೆ. ಗಂಟಲ ನರ ಉಬ್ಬುವ ಹಾಗೆ ಕಿರುಚಿದೆ. ಪೆದ್ದಿ ಎಂದೆ, ಹಠಮಾರಿ ಎಂದೆ, ನಿನ್ನ ಟ್ಯಾಂಕರಿಗೆ ಬೆಂಕಿ ಬೀಳ ಎಂದೆ. ಸಂತೆಯನ್ನೇ ನಡುಗಿಸುವ ನನ್ನ ಗಂಟಲು ಅಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಅಲುಗಿಸಲಿಲ್ಲ. ತಲೆಗೆ ತಲೆ ಹಚ್ಚಿ ನಿಂತಿದ್ದರಿಂದ ಹೊರಗೆ ಕೂತ ಜನಕ್ಕೆ ತುಟಿ ಕಾಣದೆ, ನಾವು ಇಳಿಜಾರಿನ ಲೆಕ್ಕ ಹಾಕುತ್ತಿದ್ದೇವೆ ಅಂದುಕೊಂಡರಂತೆ. "ಎಷ್ಟು ಶ್ರದ್ಧೆಯಿಂದ ಯೋಚ್ನೆ ಮಾಡ್ತಾವ್ರೆ ನೋಡ್ರೋ, ಕ್ಯಾಡಿ ಅಂದ್ರೆ ಅವನು ಅಂತ ಎಲ್ರಿಗೂ ತೋರಿಸ್ದೆ ಕಣೋ" ಎಂದು ಲಾಜರ ಆಮೇಲೆ ಹೇಳಿದ.

ಅವಳು ಬಗ್ಗಿ, ಚೆಂಡನ್ನು ಎತ್ತಿ ಮೊದಲಿನ ಜಾಗದಲ್ಲಿಟ್ಟಳು. ನೋಡಿದವರಿಗೆ ಚೆಂಡು ಒರೆಸಿದ ಹಾಗೆ ಕಂಡಿತು. ನಿಂತಳು. ಮಣಿಕಟ್ಟಿನ ಬಟ್ಟೆ ಬಿಗಿ ಮಾಡಿಕೊಂಡಳು. ಹೊಡೆದಳು. ಚೆಂಡು ನೂಲು ಹಿಡಿದ ಹಾಗೆ ಹೋಗಿ ಗುಳಿಯೊಳಗೆ ಬಿತ್ತು.

ಹೊರಗೆ ಊರೆಲ್ಲ ಎದ್ದು ನಿಂತಿತು. ಟೊಪ್ಪಿಗಳು ಮೇಲೆ ಹಾರಿದವು, ಬಾಯಿಗಳು ತೆರೆದವು, ಯಾರೋ ತಮಟೆ ಬಡಿಯುತ್ತಿದ್ದರು. ನಮಗೆ ಒಂದೂ ಕೇಳಿಸದು. ಅನಸೂಯಳ ಮುಖ ನೋಡಿದೆ. ನಗುತ್ತಿದ್ದಳು. ಸದ್ಯ, ನನ್ನ ಬೈಗುಳ ಕೆಲಸ ಮಾಡಿತು, ಆ ಮಾತು ಬಿಟ್ಟಳು ಅಂದುಕೊಂಡೆ. ಅವಳು ಚೆಂಡು ಎತ್ತಿಕೊಂಡು ಗ್ರೀನಿನ ಹತ್ತಿರದ ಅಂಚಿನ ಕಡೆಗೆ ನಡೆದಳು. ಆ ಅಂಚಿನಲ್ಲಿರುವುದು ನಮ್ಮ ಕ್ಯಾಡಿ ಕಟ್ಟೆ. ಬೇವಿನ ಮರದ ಸುತ್ತ ಕಟ್ಟಿದ್ದು. ನಾವು ಸರದಿಗೆ ಕಾಯುವುದು, ಇಸ್ಪೀಟು ಆಡುವುದು, ಹೊಡೆದಾಡುವುದು ಎಲ್ಲ ಅಲ್ಲೇ.

ಮೌನ ದಾಟಿದ ಕೂಡಲೇ ಗದ್ದಲ ಮುಖಕ್ಕೆ ಬಡಿಯಿತು. ಅನಸೂಯ ಕಟ್ಟೆ ಹತ್ತಿ ಕೈ ಎತ್ತಿದಳು. ಭಾಷಣ ಮಾಡುತ್ತಾಳೆ ಅಂದುಕೊಂಡು ಜನ ಸದ್ದು ಇಳಿಸಿದರು.

"ಸಾಬ್ರೇ, ನಂಗೊಂದು ಹೊಡೆತ ಸೇರ್ಸ್ಕೊಳ್ಳಿ. ಒಳಗೆ ಬಾಲು ಅಲ್ಲಾಡ್ತು. ಒಂದು ಹೊಡೆತ ದಂಡ ಅಂತ ಒಂದು ಬೆರಳು ಎತ್ತಿದ್ದು ಅದಕ್ಕೇ."

ಬಾಬಾಜಾನ್ ಸಾಹೇಬರ ಕೈಯಲ್ಲಿದ್ದ ಬಾವುಟ ಇಳಿಯಿತು. "ಏನಮ್ಮಾ ಇದು? ಯಾರು ನೋಡಿದ್ರು?"

"ನಾನು."

"ನೀನು ಸರಿ. ಇನ್ಯಾರು ನೋಡಿದ್ರು?"

ಸಾಹೇಬರು ನನ್ನ ಕಡೆ ತಿರುಗಿದರು. "ಈರಯ್ಯ, ನೀನು ಪಕ್ಕದಲ್ಲೇ ಇದ್ಯಲ್ಲಪ್ಪ. ಅಲ್ಲಾಡಿಲ್ಲ ಅಂತ ನೀನೊಂದು ಮಾತು ಹೇಳು, ಅನುಮಾನದ ಲಾಭ ಅವಳಿಗೇ ಕೊಡ್ತೀನಿ. ಅಷ್ಟು ಅಧಿಕಾರ ನಂಗಿದೆ."

ಡಾಕ್ಟರು ವಿಶ್ವಂಭರ ಜನರನ್ನು ಸರಿಸಿಕೊಂಡು ಮುಂದೆ ಬಂದರು. "ಹೇಳ್ಬಿಡು ಈರಯ್ಯ. ನನ್ನ ಮುಖ ನೋಡ್ಬೇಡ. ಇವತ್ತು ಆಡಿದವಳು ಅವಳು."

ಅಲ್ಲಾಡಿಲ್ಲ ಎಂಬ ಮಾತು ನನ್ನ ಗಂಟಲ ತುದಿಗೆ ಬಂದಿತ್ತು. ನಾನು ಕೂಗಿದರೆ ಊರಿಗೆಲ್ಲ ಕೇಳುತ್ತಿತ್ತು, ಕಪ್ಪು ಅವಳ ಮನೆಗೆ ಹೋಗುತ್ತಿತ್ತು. ಅದು ಅಲ್ಲಾಡಿದ್ದನ್ನು ನಾನು ನೋಡಿರಲೂ ಇಲ್ಲ. ಅನಸೂಯ ನನ್ನನ್ನೇ ನೋಡಿದಳು. ಹೇಳು ಎಂದೂ ಇಲ್ಲ ಆ ಕಣ್ಣಲ್ಲಿ, ಬೇಡ ಎಂದೂ ಇಲ್ಲ. ಎಡಗೈಯಲ್ಲಿ ಮಣಿಕಟ್ಟು ಹಿಡಿದುಕೊಂಡು ನಿಂತಿದ್ದಳು. ನಾನು ಬಾಯಿ ಬಿಟ್ಟರೆ ಊರಿನ ಮುಂದೆ ಅವಳ ಕಣ್ಣು ಸುಳ್ಳಾಗುತ್ತಿತ್ತು. ಜೀವನಪರ್ಯಂತ ಆ ಕಪ್ಪನ್ನು ಮನೆಯಲ್ಲಿಟ್ಟುಕೊಂಡು, ಅದರೊಳಗೆ ನನ್ನ ಕೂಗು ಕೇಳುತ್ತಾ ಕೂರಬೇಕಾಗಿತ್ತು ಅವಳು.

ನಾನು ಹಲ್ಲು ಕಚ್ಚಿದೆ. ದವಡೆ ನೋಯುವ ಹಾಗೆ ಕಚ್ಚಿದೆ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ನಾನು ಸುಮ್ಮನೆ ನಿಂತದ್ದಿಲ್ಲ.

ಯಾರೂ ಮಾತಾಡಲಿಲ್ಲ. ತಮಟೆಯವನು ತಮಟೆಯ ಮೇಲೆ ಅಂಗೈ ಇಟ್ಟುಕೊಂಡಿದ್ದ. ಎಳೆ ಕೂಸುಗಳು ತಾಯಿಯ ಸೆರಗು ಹಿಡಿದು ಕಣ್ಣರಳಿಸಿದ್ದವು. ಲಾಜರ ಎರಡೂ ಕೈಯಲ್ಲಿ ಮೂಗು ಒತ್ತಿ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಿಂತಿದ್ದ. ಆ ಸೀನು ಅವನು ಹೇಗೆ ನುಂಗಿದನೋ ದೇವರಿಗೇ ಗೊತ್ತು. ಅವನ ಹಳೆ ಹೆಸರನ್ನು ನಾನು ಅವತ್ತೇ ಮಾಫಿ ಮಾಡಿದೆ.

ಸಾಹೇಬರು ನನ್ನ ಬಾಯಿಯನ್ನೇ ನೋಡಿದರು, ಅನಸೂಯಳನ್ನು ನೋಡಿದರು, ಪಂದ್ಯ ಸಮ ಎಂದು ಸಾರಲು ಗಾರ್ಡಿನ ಸೀಟಿಯನ್ನು ಬಾಯಿಗಿಟ್ಟು ಊದಿದರು. ಕೆನ್ನೆ ಉಬ್ಬಿತು. ಸದ್ದು ಬರಲಿಲ್ಲ. ಇನ್ನೊಮ್ಮೆ ಊದಿದರು. ಆಗ ನಮಗೆಲ್ಲ ತಿಳಿಯಿತು. ಕ್ಯಾಡಿ ಕಟ್ಟೆಯ ಮೇಲೆ ಮೌನ ಕೂತಿತ್ತು.

ಕಪ್ಪು ಪದ್ಧತಿಯ ಪ್ರಕಾರ ಡಾಕ್ಟರ ಕೈಗೆ ಬಂತು. ಅವರು ಅದನ್ನು ಕಂಕುಳಲ್ಲಿ ಇರುಕಿಕೊಂಡು ಅನಸೂಯಳ ಮುಂದೆ ನಿಂತು ಬಹಳ ಹೊತ್ತು ಏನೋ ಹೇಳಿದರು. ಅವರು ನಮಗೆ ಬೆನ್ನು ಹಾಕಿದ್ದರು, ತುಟಿ ಕಾಣಲಿಲ್ಲ. ಏನು ಹೇಳಿದರು ಎಂದು ಅವರೂ ಹೇಳಿಲ್ಲ, ಅವಳೂ ಹೇಳಿಲ್ಲ. ಕೊನೆಯಲ್ಲಿ ಅವರು ಬಗ್ಗಿ, ಅವಳ ಹರಕು ಬ್ಯಾಗನ್ನು ಎತ್ತಿ ತಮ್ಮ ಹೆಗಲಿಗೆ ಹಾಕಿಕೊಂಡು ಕ್ಲಬ್ಬಿನ ಕಡೆ ನಡೆದರು. ಅದು ನನ್ನ ಕೆಲಸ. ಆದರೂ ಬಿಟ್ಟೆ.

ಕಟ್ಟೆ ಹೋಯಿತು ಎಂದು ಕ್ಯಾಡಿಗಳೆಲ್ಲ ಗೊಣಗಿದರು. ಇಸ್ಪೀಟಿನಲ್ಲಿ ಮೋಸ ಮಾಡಿದವನನ್ನು ಬೈಯಲು ಆಗದ ಜಾಗದಲ್ಲಿ ಕೂರುವುದು ಹೇಗೆ? ಗೇಟಿನ ಹತ್ತಿರ ಸಿಮೆಂಟು ಬೆಂಚು ಹಾಕಿಸಿಕೊಂಡು ಅವರು ಆ ಕಡೆ ಹೋದರು. ಕಟ್ಟೆಗೆ ಬೇರೆಯವರು ಬರತೊಡಗಿದರು. ಮನೆಯಲ್ಲಿ ಏನೋ ಒಪ್ಪಿಕೊಳ್ಳಬೇಕಾದವರು, ಬಾಯಿ ಬಾರದೆ ಒದ್ದಾಡುವವರು. ಬೇವಿನ ಮರದ ಕಡೆ ಮುಖ ಮಾಡಿ, ಹೇಳಬೇಕಾದ್ದನ್ನು ಒಂದು ಸಲ ಹೇಳಿಕೊಳ್ಳುತ್ತಾರೆ. ಆಮೇಲೆ ಇಳಿದು, ಹೇಳಬೇಕಾದವರ ಹತ್ತಿರ ಹೋಗುತ್ತಾರೆ. ಕೆಲವರು ಕಟ್ಟೆಯಿಂದಲೇ ಮನೆಗೆ ವಾಪಸಾಗುತ್ತಾರೆ, ಮತ್ತೆ ಮಾರನೇ ದಿನ ಬರುತ್ತಾರೆ. ಅವರು ಮಾತಾಡುವಾಗ ನಾವ್ಯಾರೂ ತುಟಿಯ ಕಡೆ ನೋಡುವುದಿಲ್ಲ.

ಕೆಲವು ವರ್ಷಗಳ ಮೇಲೆ ಸುದ್ದಿ ಬಂತು, ನಿಯಮ ಬದಲಾಗಿದೆ, ಗ್ರೀನಿನ ಮೇಲೆ ಗೊತ್ತಿಲ್ಲದೆ ಚೆಂಡು ಅಲ್ಲಾಡಿದರೆ ಇನ್ನು ದಂಡವಿಲ್ಲ ಎಂದು. ನನಗೆ ಬಂದ ಸಿಟ್ಟು ಹೇಳಲಾರೆ. ಇಷ್ಟು ಸಣ್ಣ ವಿಷಯಕ್ಕೆ ಇವರಿಗೆ ಇಷ್ಟು ಕಾಲ ಬೇಕಾಯಿತೇ? ಟ್ಯಾಂಕರಿಗೆ ನೀರು ತುಂಬಿಸುತ್ತಿದ್ದವಳ ಹತ್ತಿರ ಓಡಿಹೋಗಿ ಹೇಳಿದೆ.

"ಹೌದಾ? ಒಳ್ಳೇದಾಯ್ತು" ಎಂದಳು. "ಇನ್ಮೇಲೆ ಬರೋರಿಗೆ ಅಷ್ಟು ನೋವಿಲ್ಲ."

"ನಿಂದು? ನಿನ್ನ ಕಪ್ಪು?"

"ಆ ಪೈಪು ಸ್ವಲ್ಪ ಎತ್ತಿ ಹಿಡಿ ಈರಣ್ಣ, ನೀರು ಸುಮ್ನೆ ಹೋಗ್ತಿದೆ."

ಹಿಡಿದೆ. ಅವಳ ಮಣಿಕಟ್ಟು ಈಗ ವಾಸಿ. ಕೋಲುಗಳನ್ನು ಒಲೆಗೆ ಹಾಕಲಿಲ್ಲ, ಮುದ್ದುಮಾದಯ್ಯನ ಮೊಮ್ಮಗಳಿಗೆ ಕೊಟ್ಟಿದ್ದಾಳೆ.

ಚಾಂಪಿಯನ್‌ಶಿಪ್ಪಿನ ದಿನ ಬೆಳಿಗ್ಗೆ, ಆಟ ಶುರುವಾಗುವ ಮೊದಲು, ನಾನು ಪ್ರತಿ ವರ್ಷ ಕಟ್ಟೆ ಹತ್ತುತ್ತೇನೆ. ಎದೆ ತುಂಬ ಉಸಿರು ಎಳೆದುಕೊಂಡು, ಇರುವ ಗಂಟಲೆಲ್ಲ ಬಿಟ್ಟು, ಅಲ್ಲಾಡಿಲ್ಲ ಎಂದು ಕೂಗುತ್ತೇನೆ. ಬೇವಿನ ಮರದ ಗುಬ್ಬಿಗಳೂ ಏಳುವುದಿಲ್ಲ. ಆಮೇಲೆ ಇಳಿದು ಹೋಗಿ ಆ ದಿನದ ಬ್ಯಾಗು ಎತ್ತಿಕೊಳ್ಳುತ್ತೇನೆ.

ಹೋದ ವರ್ಷ ನಾನು ಹಾಗೆ ಕೂಗುವಾಗ ಟ್ಯಾಂಕರು ಹದಿನೆಂಟನೆಯ ಗ್ರೀನಿನ ಆಚೆ ನಿಂತಿದ್ದನ್ನು ಗಮನಿಸಲಿಲ್ಲ. ಬಾಯಿ ಮುಚ್ಚಿ ಕಣ್ಣು ಬಿಟ್ಟೆ. ಅನಸೂಯ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಮುಖದ ತುಂಬ ನಗು. ಸ್ಟೇರಿಂಗ್ ಮೇಲಿದ್ದ ಬಲಗೈಯನ್ನು ಕಿಟಕಿಯಿಂದ ಆಚೆ ಚಾಚಿ, ಅವತ್ತಿನ ಹಾಗೇ ಒಂದು ಬೆರಳು ಎತ್ತಿ ತೋರಿಸಿದಳು. ಆಮೇಲೆ ಗೇರು ಹಾಕಿಕೊಂಡು, ನಾಲ್ಕನೇ ಗ್ರೀನಿಗೆ ನೀರು ಹಾಯಿಸಲು ಹೊರಟಳು.